ಕುವೆಂಪುನಗರದ ಮನೆಗೆ ಫೈಬರ್ ನೆಟ್: ತಂತಿಗೆ ಐದು ಸ್ಟಾರ್, ಕಂಪನಿಗೆ ಎರಡು

ಮೊದಲೇ ಹೇಳಿಬಿಡುತ್ತೇನೆ, ಕಂಪನಿ ಹೆಸರು ಬರೆಯುವುದಿಲ್ಲ. ನಮ್ಮ ರಸ್ತೆಯಲ್ಲಿ ಮೂರ್ನಾಲ್ಕು ಕಂಪನಿಗಳ ತಂತಿ ಒಂದೇ ಕಂಬಕ್ಕೆ ಜೋತು ಬಿದ್ದಿವೆ, ಎಲ್ಲರ ಕಥೆಯೂ ಹೆಚ್ಚುಕಡಿಮೆ ಒಂದೇ. ನಾನು ತಗೊಂಡಿದ್ದು 100 ಎಂಬಿಪಿಎಸ್ ಪ್ಲಾನ್. ತಿಂಗಳಿಗೆ 599 ರೂಪಾಯಿ ಅಂತ ಬೋರ್ಡು, 18% ಜಿಎಸ್‌ಟಿ ಸೇರಿ ಕೈಯಿಂದ ಹೋಗುವುದು 707. ಮೋಡೆಮ್‌ಗೆ ಡಿಪಾಸಿಟ್ ಬೇರೆ.

ಸ್ಪೀಡ್ ಬಗ್ಗೆ ತಕರಾರಿಲ್ಲ. ಕೇಬಲ್ ಹಾಕಿ ನೋಡಿದರೆ 95 ದಾಟುತ್ತದೆ, ಹಿಂದಿನ ರೂಮಿನಲ್ಲಿ ವೈಫೈ ಅರ್ಧಕ್ಕೆ ಬರುತ್ತದೆ. ಅದು ನಮ್ಮ ಹಳೇ ಮನೆಯ ದಪ್ಪ ಗೋಡೆಯ ತಪ್ಪು, ಅವರದ್ದಲ್ಲ. ಮೊದಲಿದ್ದ ತಾಮ್ರದ ಲೈನು ಒಂದು ಮಳೆ ಬಂದರೆ ಸಾಕು, ಗೊರಗೊರ ಅಂದು ಮಲಗಿಬಿಡುತ್ತಿತ್ತು. ಇದಕ್ಕೆ ಮಳೆಯ ಹಂಗೇ ಇಲ್ಲ.

ಕನೆಕ್ಷನ್ ಕೊಡಲು ಬಂದ ಹುಡುಗನ ಕೆಲಸ ಮಾತ್ರ ನೋಡುವ ಹಾಗಿತ್ತು. ಕಪ್ಪು ವೈರಿನ ಸಿಪ್ಪೆ ಸುಲಿದ. ಅದರೊಳಗಿಂದ ಕಂಡೂ ಕಾಣದಂಥ ಒಂದು ಎಳೆ ಹೊರಗೆ ಬಂತು. ದಪ್ಪ 125 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಎಂಟನೇ ಒಂದು ಭಾಗ. ಬೆಳಕು ಓಡುವುದು ಅದರ ನಟ್ಟನಡುವಿನ 9 ಮೈಕ್ರಾನ್ ಜಾಗದಲ್ಲಿ ಮಾತ್ರ. ಸ್ಪಿರಿಟ್ ಹಚ್ಚಿದ ಟಿಶ್ಯೂನಲ್ಲಿ ಒರೆಸಿದ, ಚಿಕ್ಕ ಕಟರ್‌ನಲ್ಲಿ ಟಕ್ ಅಂತ ತುದಿ ಕತ್ತರಿಸಿದ, ಎರಡು ಎಳೆಗಳನ್ನೂ ಬೆಸೆಯುವ ಸ್ಪ್ಲೈಸಿಂಗ್ ಮೆಷಿನ್‌ನೊಳಗೆ ಎದುರುಬದುರು ಇಟ್ಟ. ಸ್ಕ್ರೀನ್ ಮೇಲೆ ಎರಡೂ ತುದಿ ದೊಡ್ಡದಾಗಿ ಕಂಡವು, ತಾವೇ ಹತ್ತಿರ ಸರಿದವು, ಒಂದು ಕಿಡಿ, ಅಷ್ಟೇ, ಒಂದಾದವು.

"ಅಮ್ಮಾ, ಇದನ್ನ ಜಾಸ್ತಿ ಬಗ್ಗಿಸ್ಬೇಡಿ, ಒಳಗೆ ಗಾಜಿದೆ" ಅಂದ.

ನಮ್ಮಮ್ಮ ಬಿಡುತ್ತಾರೆಯೇ. "ಗಾಜು ಅಂದ್ರೆ ಬಳೆ ಗಾಜೇನಪ್ಪಾ? ಗಾಜಿನಲ್ಲಿ ಫೋನು ಬರುತ್ತೆ ಅಂತ ಯಾರಪ್ಪ ಕಂಡುಹಿಡಿದ್ರು?"

ಅವನು ನನ್ನ ಮುಖ ನೋಡಿದ. ಇಡೀ ದಿನ ಇದೇ ಎಳೆ ಹಿಡಿದು ಬದುಕುವ ಹುಡುಗನಿಗೂ ಆ ಹೆಸರು ಗೊತ್ತಿಲ್ಲ. ಅವನಿಗೆ ಯಾರು ತಾನೇ ಹೇಳಿದ್ದಾರೆ? ಅದಕ್ಕೇ ಈ ರಿವ್ಯೂನಲ್ಲಿ ಅರ್ಧ ಜಾಗ ಆ ಮನುಷ್ಯನಿಗೆ ಕೊಡುತ್ತಿದ್ದೇನೆ. ಬರೀ ಪ್ಲಾನ್ ರೇಟು ಬೇಕಿದ್ದವರು ಕೆಳಗೆ ಹೋಗಿ.

ಹೆಸರು ಚಾರ್ಲ್ಸ್ ಕಾವೊ. ಹುಟ್ಟಿದ್ದು 1933ರಲ್ಲಿ, ಶಾಂಘೈನಲ್ಲಿ. ಹದಿನೈದರ ಆಸುಪಾಸಿನಲ್ಲಿ ಮನೆಮಂದಿಯ ಜೊತೆ ಊರು ಬಿಟ್ಟು ಹಾಂಗ್‌ಕಾಂಗ್ ಸೇರಿದರು, ಅಲ್ಲಿಂದ ಓದಲು ಇಂಗ್ಲೆಂಡಿಗೆ ಹೋದರು. 1957ರಲ್ಲಿ ವುಲಿಚ್ ಪಾಲಿಟೆಕ್ನಿಕ್‌ನಲ್ಲಿ ಎಲೆಕ್ಟ್ರಿಕಲ್ ಮುಗಿಸಿ ಅಲ್ಲೇ ಒಂದು ಟೆಲಿಫೋನ್ ಕಂಪನಿಗೆ ಸೇರಿದರು. ಅದೇ ಕಂಪನಿಯಲ್ಲಿ ಎಂಜಿನಿಯರ್ ಆಗಿದ್ದ ಗ್ವೆನ್ ಅವರನ್ನು 1959ರಲ್ಲಿ ಮದುವೆಯಾದರು. ಒಬ್ಬ ಮಗ, ಒಬ್ಬಳು ಮಗಳು.

ಆಗ ಗಾಜಿನ ಎಳೆ ಇರಲಿಲ್ಲ ಅಂತಲ್ಲ. ಡಾಕ್ಟರುಗಳು ಹೊಟ್ಟೆಯೊಳಗೆ ಇಳಿಸಿ ನೋಡುತ್ತಿದ್ದರು. ಆದರೆ ಆಗಿನ ಗಾಜಿನಲ್ಲಿ ಕಿಲೋಮೀಟರಿಗೆ ಸುಮಾರು 1000 ಡೆಸಿಬಲ್ ನಷ್ಟ (ಡೆಸಿಬಲ್ ಅಂದರೆ ಇಲ್ಲಿ ಬೆಳಕು ಎಷ್ಟು ಕುಗ್ಗಿತು ಅನ್ನುವ ಅಳತೆ). ಲೆಕ್ಕ ಹಾಕಿದರೆ ಬರೀ 20 ಮೀಟರ್ ಹೋಗುವಷ್ಟರಲ್ಲಿ ನೂರರಲ್ಲಿ ಒಂದು ಪಾಲು ಬೆಳಕು ಉಳಿಯುತ್ತದೆ. ನಮ್ಮ ಗೇಟಿನಿಂದ ರಸ್ತೆ ತುದಿಯ ಕಂಬಕ್ಕೇ ಸಾಲದು. ಹಾಗಾಗಿ ಗಾಜು ದೂರದ ಕೆಲಸಕ್ಕೆ ಆಗದು ಅಂತ ದೊಡ್ಡ ದೊಡ್ಡವರೇ ಕೈಬಿಟ್ಟಿದ್ದರು. ಕಾವೊ ಕೇಳಿದ್ದು ಬೇರೆ ಪ್ರಶ್ನೆ. ಬೆಳಕನ್ನು ನುಂಗುತ್ತಿರುವುದು ಗಾಜೋ, ಗಾಜಿನೊಳಗಿನ ಕೊಳೆಯೋ? ಕೊಳೆಯೇ, ಕಬ್ಬಿಣದಂಥ ಲೋಹಗಳ ಒಂದಿಷ್ಟು ಅಂಶ ಸೇರಿಕೊಂಡಿರುವುದೇ ಕಾರಣ, ಅದನ್ನು ತೆಗೆದರೆ ಆಯಿತು ಅಂದರು. 1966ರಲ್ಲಿ ಜಾರ್ಜ್ ಹಾಕಮ್ ಎಂಬ ಸಹೋದ್ಯೋಗಿಯ ಜೊತೆ ಬರೆದ ಪೇಪರಿನಲ್ಲಿ, ಕಿಲೋಮೀಟರಿಗೆ 20 ಡೆಸಿಬಲ್‌ಗೆ ಇಳಿಸಿದರೆ ಸಾಕು ಅಂತ ಲೆಕ್ಕ ಕೊಟ್ಟರು. ಆಮೇಲೆ ದೇಶದೇಶ ಸುತ್ತಿ, ಗಾಜು ಮಾಡುವವರ ಬಾಗಿಲು ತಟ್ಟಿ, ಶುದ್ಧ ಗಾಜು ಮಾಡಿಕೊಡಿ ಅಂತ ಬೆನ್ನುಬಿದ್ದರು. 1970ರಲ್ಲಿ ಅಮೆರಿಕದ ಕಾರ್ನಿಂಗ್ ಕಂಪನಿಯವರು ಆ 20ರ ಗೆರೆ ದಾಟಿ ತೋರಿಸಿದರು. ಈಗಿನ ಫೈಬರ್‌ನಲ್ಲಿ ನಷ್ಟ ಕಿಲೋಮೀಟರಿಗೆ ಸುಮಾರು 0.2 ಡೆಸಿಬಲ್. ಮೈಸೂರಿನಲ್ಲಿ ಬಿಟ್ಟ ಬೆಳಕು 45 ಕಿಲೋಮೀಟರ್ ಓಡಿ ಮಂಡ್ಯ ಮುಟ್ಟಿದಾಗಲೂ ಎಂಟರಲ್ಲಿ ಒಂದು ಪಾಲು ಕೈಯಲ್ಲಿರುತ್ತದೆ, ನಡುವೆ ಎಲ್ಲೂ ಶಕ್ತಿ ತುಂಬದೆ.

ಈ ಕೆಲಸಕ್ಕೆ ಮುಂದೆ ಕಾವೊಗೆ ನೊಬೆಲ್ ಬಂತು. ಇಲ್ಲಿ ಯಾರಾದರೂ "ನಮ್ಮ ಕಪಾನಿಗೆ ಮೋಸ ಆಯ್ತು" ಅಂತ ವಾಟ್ಸಾಪ್ ಫಾರ್ವರ್ಡ್ ಹಿಡಿದು ಬರುತ್ತಾರೆ, ಗೊತ್ತು. ಪಂಜಾಬಿನ ಮೊಗಾದಲ್ಲಿ ಹುಟ್ಟಿದ ನರೀಂದರ್ ಸಿಂಗ್ ಕಪಾನಿ ದೊಡ್ಡವರೇ. 1954ರಲ್ಲೇ ಗಾಜಿನೆಳೆಗಳ ಕಟ್ಟಿನಲ್ಲಿ ಚಿತ್ರ ಸಾಗಿಸಿ ತೋರಿಸಿದವರು, ಫೈಬರ್ ಆಪ್ಟಿಕ್ಸ್ ಅನ್ನುವ ಹೆಸರು ಬಳಕೆಗೆ ತಂದವರು. ನೊಬೆಲ್‌ನಲ್ಲಿ ಅವರಿಗೂ ಪಾಲು ಕೊಟ್ಟಿದ್ದರೆ ನನಗೂ ಖುಷಿಯಾಗುತ್ತಿತ್ತು. ಆದರೆ ಗಾಜಿನಲ್ಲಿ ಊರೂರು ದಾಟಬಹುದು ಅಂತ ಲೆಕ್ಕ ಸಮೇತ ಹೇಳಿ, ಹಠ ಹಿಡಿದು ಮಾಡಿಸಿದ್ದು ಕಾವೊ. ಎರಡೂ ಬೇರೆ ಕೆಲಸ.

ನನಗೆ ಜಾಸ್ತಿ ಇಷ್ಟವಾದದ್ದು ಮನೆಯೊಳಗಿನ ಕಥೆ. ಗ್ವೆನ್ ಅವರೇ ಹೇಳಿಕೊಂಡಿದ್ದು. ಮಕ್ಕಳು ಚಿಕ್ಕವು, ರಾತ್ರಿ ಅಡುಗೆ ಆರಿ ತಣ್ಣಗಾಗಿರುತ್ತಿತ್ತು, ಗಂಡ ಲ್ಯಾಬಿನಿಂದ ಬರುತ್ತಲೇ ಇರುತ್ತಿರಲಿಲ್ಲ. ಒಂದು ದಿನ ಆಕೆ ರೇಗಿದಾಗ, ಕೋಪ ಮಾಡ್ಕೋಬೇಡ, ನಾವು ಮಾಡುತ್ತಿರುವ ಕೆಲಸ ಮುಂದೆ ಜಗತ್ತನ್ನೇ ಅಲುಗಾಡಿಸುತ್ತೆ ಅಂದರಂತೆ. ಓಹೋ, ಹಾಗಾದರೆ ನಿಮಗೆ ನೊಬೆಲ್ ಬರುತ್ತೆ ಬಿಡಿ ಅಂತ ಈಕೆ ಕುಟುಕಿದರಂತೆ. ಯಾವ ಮನೆಯಲ್ಲಿ ಈ ಜಗಳ ಇಲ್ಲ ಹೇಳಿ? ಗಂಡನ ಮಾತೂ ನಿಜವಾಯಿತು, ಹೆಂಡತಿಯ ಕುಟುಕೂ ನಿಜವಾಯಿತು.

ನೊಬೆಲ್ ಬಂದಿದ್ದು 2009ರಲ್ಲಿ, ಆ ಪೇಪರ್ ಬರೆದು 43 ವರ್ಷಕ್ಕೆ. ಅಷ್ಟರಲ್ಲಿ ಅವರಿಗೆ ಅಲ್ಝೈಮರ್ ಶುರುವಾಗಿ ಐದು ವರ್ಷ ಕಳೆದಿತ್ತು. ಸ್ಟಾಕ್‌ಹೋಮ್‌ನಲ್ಲಿ ನೊಬೆಲ್ ಭಾಷಣ ಮಾಡಿದ್ದು ಗ್ವೆನ್. ಪ್ರಶಸ್ತಿ ಕೊಡುವಾಗ ಪದ್ಧತಿ ಪ್ರಕಾರ ಪಡೆಯುವವರು ವೇದಿಕೆಯ ನಡುವಿಗೆ ನಡೆದು ಹೋಗಬೇಕು. ಇವರಿಗೆ ಮಾತ್ರ ಸ್ವೀಡನ್ ರಾಜರೇ ಕೂತ ಜಾಗದ ಹತ್ತಿರ ಬಂದು ಕೊಟ್ಟರು. ಮರುವರ್ಷ ಗಂಡಹೆಂಡತಿ ಹಾಂಗ್‌ಕಾಂಗ್‌ನಲ್ಲಿ ಅಲ್ಝೈಮರ್ ರೋಗಿಗಳಿಗೋಸ್ಕರ ಒಂದು ಸಂಸ್ಥೆ ಕಟ್ಟಿದರು. 2018ರ ಸೆಪ್ಟೆಂಬರ್ 23ರಂದು, 84ನೇ ವಯಸ್ಸಿನಲ್ಲಿ, ಅದೇ ಹಾಂಗ್‌ಕಾಂಗ್‌ನಲ್ಲಿ ತೀರಿಕೊಂಡರು. ನಡುವೆ ಅಲ್ಲಿನ ಚೈನೀಸ್ ಯೂನಿವರ್ಸಿಟಿಗೆ 1987ರಿಂದ 1996ರವರೆಗೆ ಕುಲಪತಿಯಂಥ ದೊಡ್ಡ ಹುದ್ದೆಯಲ್ಲೂ ಇದ್ದರು, ಆದರೆ ನನ್ನ ಮನಸ್ಸು ಯಾಕೋ ಆ ಆರಿದ ಅಡುಗೆಯ ಕಡೆಗೇ ಹೋಗುತ್ತದೆ.

ಈಗ ಕಂಪನಿಯ ಎರಡು ಸ್ಟಾರ್ ವಿಷಯ. ಮಳೆಗಾಲದಲ್ಲಿ ಹೊಂಗೆ ಕೊಂಬೆ ಮುರಿದು ತಂತಿ ಮೇಲೆ ಬಿತ್ತು, ಮೋಡೆಮ್‌ನಲ್ಲಿ ಕೆಂಪು ಲೈಟ್. ಕಸ್ಟಮರ್ ಕೇರ್‌ಗೆ ಫೋನ್ ಮಾಡಿದರೆ ಮೋಡೆಮ್ ಆಫ್ ಮಾಡಿ ಆನ್ ಮಾಡಿ ಅನ್ನುತ್ತಾರೆ. ಅಮ್ಮಾ ತಾಯಿ, ತಂತಿ ರಸ್ತೆಯಲ್ಲಿ ಬಿದ್ದಿದೆ ಅಂದರೂ ಮೋಡೆಮ್ ಆಫ್ ಮಾಡಿ ಆನ್ ಮಾಡಿ. ಕಂಪ್ಲೇಂಟ್ ಸರಿಹೋಗಿದೆ ಅಂತ ಮೆಸೇಜ್ ಬಂತು, ತಂತಿ ಅಲ್ಲೇ ಬಿದ್ದಿತ್ತು. ಕೊನೆಗೆ ಆ ಲೈನ್ ಹುಡುಗನಿಗೇ ನೇರವಾಗಿ ಫೋನ್ ಮಾಡಿದ ಮೇಲೆ ಕೆಲಸ ಆಯಿತು.

ಇನ್ನೊಂದು ಸಲ ಲೈಟ್ ಹಸಿರಾಗೇ ಇದ್ದರೂ ನೆಟ್ ಕುಂಟುತ್ತಿತ್ತು. ಅದೇ ಹುಡುಗ ಬಂದು ತಂತಿಯಲ್ಲಿ ಬರುವ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಇಟ್ಟ, ಮೈನಸ್ 27 ಡಿಬಿಎಂ ತೋರಿಸಿತು (ಮೈನಸ್ ಹೆಚ್ಚಿದಷ್ಟೂ ಬೆಳಕು ಕಮ್ಮಿ), ಮೋಡೆಮ್ ತಡೆಯುವ ಅಂಚಿನಲ್ಲಿತ್ತು. ಕಂಬದ ಬಾಕ್ಸ್ ತೆಗೆದು ಕನೆಕ್ಟರ್ ತುದಿ ಒರೆಸಿ ಮತ್ತೆ ಸಿಗಿಸಿದ, ಮೈನಸ್ 21ಕ್ಕೆ ಬಂತು. ಧೂಳು, ಅಷ್ಟೇ! ಕಾವೊ ಗಾಜಿನೊಳಗಿನ ಕೊಳೆ ತೆಗೆಸಿಟ್ಟು ಹೋದರು, ನಮ್ಮವರು ಬಾಕ್ಸಿನ ಮುಚ್ಚಳ ಹಾಕುವುದಿಲ್ಲ.

ತಗೊಳ್ಳುವವರು ಕನೆಕ್ಷನ್ ದಿನವೇ ಮೀಟರ್ ಇಟ್ಟು ನಂಬರ್ ತೋರಿಸಿ ಅಂತ ಕೇಳಿ, ಫೋಟೋ ತೆಗೆದಿಟ್ಟುಕೊಳ್ಳಿ. ಮೈನಸ್ 15ರಿಂದ 23ರ ನಡುವೆ ಇದ್ದರೆ ಆರಾಮ. ಕಂಪ್ಲೇಂಟ್ ಮಾಡುವಾಗ ಆ ನಂಬರ್ ಹೇಳಿದರೆ ಆಫ್ ಮಾಡಿ ಆನ್ ಮಾಡಿ ಪುರಾಣ ಸ್ವಲ್ಪ ಕಮ್ಮಿಯಾಗುತ್ತದೆ. ವೈರನ್ನು ಕಿಟಕಿ ಮೂಲೆಯಲ್ಲಿ ಮಡಚಿ ಮೊಳೆ ಹೊಡೆಯಲು ಬಿಡಬೇಡಿ. ಕರೆಂಟ್ ಹೋದರೆ ಮೋಡೆಮ್ ಕೂಡ ಹೋಗುತ್ತದೆ, ಅದಕ್ಕೆ 12 ವೋಲ್ಟಿನ ಪುಟ್ಟ ಯುಪಿಎಸ್ ಸಿಗುತ್ತದೆ, ತಗೊಳ್ಳಿ. ವರ್ಷದ ಪ್ಲಾನ್ ಕಟ್ಟಿದರೆ ಒಂದು ತಿಂಗಳು ಫ್ರೀ ಅಂತಾರೆ, ನಾನಂತೂ ಕಟ್ಟಿಲ್ಲ, ತಿಂಗಳು ತಿಂಗಳು ಕಟ್ಟಿದರೇ ನಮ್ಮ ಫೋನಿಗೆ ಒಂದಿಷ್ಟು ಬೆಲೆ.