ಶಾಲೆಯ ಮುಖ ನೋಡದ ಮುತ್ತಜ್ಜಿ ಜೂನ್ 1ಕ್ಕೆ ಹುಟ್ಟಿದ್ದು ಹೇಗೆ?

ವಂಶವೃಕ್ಷ ಹುಡುಕಿಕೊಡ್ತೀವಿ ಅನ್ನುವವರಿಗೆ ದುಡ್ಡು ಹಾಕುವ ಮುಂಚೆ ಇದನ್ನೊಮ್ಮೆ ಓದಿ. ನನಗೆ ಎಂಟು ಸಾವಿರ ಹೋಯಿತು. ಜೊತೆಗೆ ಒಂದು ಗ್ರಾನೈಟ್ ಕಲ್ಲು.

ನಮ್ಮದು ಧಾರವಾಡದ ಕಡೆ ಹಳ್ಳಿ. ಅಪ್ಪನ ಅಜ್ಜಿಯ ಗದ್ದಿಗೆ ಹೊಲದಲ್ಲಿದೆ, ಅದರ ಮೇಲೆ ಹೆಸರಿಲ್ಲ. ಒಂದು ಕಲ್ಲು ಹಾಕಿಸೋಣ ಅಂತ ಆಸೆ. ಗಂಡನ ಮನೆಯಲ್ಲಿ ಇಟ್ಟ ಹೆಸರು ಗೊತ್ತಿತ್ತು. ತವರು ಗೊತ್ತಿರಲಿಲ್ಲ, ಹುಟ್ಟಿದ್ದು ಸತ್ತಿದ್ದೂ ಗೊತ್ತಿರಲಿಲ್ಲ. ಆನ್‌ಲೈನ್‌ನಲ್ಲಿ ಸಿಕ್ಕ ಒಬ್ಬರು ‘ಹಳೇ ದಾಖಲೆ ಎಲ್ಲಾ ನಮ್ಮತ್ರ ಇದೆ ಸರ್’ ಎಂದರು. ಪೂರ್ತಿ ದುಡ್ಡು ಮೊದಲೇ. ಮನೆಯವರ ಆಧಾರ್ ಪ್ರತಿಯನ್ನೂ ಕೇಳಿದರು. ಕೊಟ್ಟೆ, ದಡ್ಡನ ಹಾಗೆ.

ಹತ್ತೇ ದಿನಕ್ಕೆ ಬಣ್ಣಬಣ್ಣದ ಪಿಡಿಎಫ್ ಬಂತು. ಜನನ 1 ಜೂನ್ 1890, ಮರಣ 22 ಡಿಸೆಂಬರ್ 1921. ನಾನು ಕುಣಿದಾಡಿ ಕಲ್ಲು ಕೆತ್ತಿಸಿಬಿಟ್ಟೆ.

ಕಲ್ಲು ನೋಡಿ ಸೋದರತ್ತೆ ನಕ್ಕರು. ‘ಸಾಲಿ ಕಟ್ಟಿ ಹತ್ತದಾಕಿಗೆ ಜೂನ್ ಒಂದು ಎಲ್ಲಿಂದ ಬಂತೋ ತಮ್ಮಾ?’

ಹೌದಲ್ವಾ! ಜೂನ್ 1 ಅಂದರೆ ಶಾಲೆಗೆ ಸೇರಿಸುವಾಗ ಮಾಸ್ತರು ಬರೆದುಕೊಂಡ ತಾರೀಕು. ನಮ್ಮಪ್ಪಂದೂ ಅದೇ, ಇಬ್ಬರು ಕಾಕಾಗಳದೂ ಅದೇ. ಮುತ್ತಜ್ಜಿಗೆ ಯಾವ ಮಾಸ್ತರು ಬರೆದರು?

ಸಾವಿನ ವರ್ಷವೂ ಸುಳ್ಳು. ‘ಕಾಳಯುಕ್ತಿ ಸಂವತ್ಸರ, ದಸರಾ ದೀಪಾವಳಿ ನಡುವೆ. ಒಂದ ವಾರದಾಗ ಮನಿಯಿಂದ ಮೂರು ಹೆಣ ಹೋದ್ವಂತ. ನಮ್ಮಪ್ಪ ಇನ್ನೂ ಮೊಲಿ ಕುಡಿಯೋ ಕೂಸು, ಆಡಿನ ಹಾಲು ಹಾಕಿ ಉಳಿಸಿದ್ರು’ ಅಂದರು ಅತ್ತೆ. ಸಂವತ್ಸರ ಅರವತ್ತು ವರ್ಷಕ್ಕೊಮ್ಮೆ ತಿರುಗಿ ಬರುತ್ತದೆ. ಆ ಕಾಲದ ಕಾಳಯುಕ್ತಿ ಬಿದ್ದಿದ್ದು 1918-19ರಲ್ಲಿ. ಮುಂಬಯಿ ಪ್ರಾಂತ್ಯದಲ್ಲಿ ಇನ್‌ಫ್ಲುಯೆಂಜಾ ಊರೂರನ್ನೇ ಗುಡಿಸಿದ್ದು ಸರಿಯಾಗಿ ಅದೇ ದಸರೆಯ ಸುಮಾರಿಗೆ. ಧಾರವಾಡ ಆಗ ಅದೇ ಪ್ರಾಂತ್ಯದಲ್ಲಿತ್ತು. 1921 ದುರ್ಮತಿ ಸಂವತ್ಸರ. ಹೆಸರೇ ಹೇಳುತ್ತೆ!

ಆ ಮನುಷ್ಯನಿಗೆ ಫೋನ್ ಮಾಡಿ ‘ಯಾವ ದಾಖಲೆ, ಆ ಪುಟದ ಫೋಟೋ ಕಳಿಸಿ’ ಅಂದೆ. ‘ನಮ್ಮ ಡೇಟಾಬೇಸ್ ಸರ್’ ಅಂದ. ಆಮೇಲೆ ಫೋನೇ ಎತ್ತಲಿಲ್ಲ. ಇನ್ಯಾರದೋ ವಂಶವೃಕ್ಷದಲ್ಲಿದ್ದ ಅದೇ ಹೆಸರಿನ ಹೆಂಗಸನ್ನು ತಂದು ನಮಗೆ ಅಂಟಿಸಿದ್ದ ಅಂತ ಕಾಣುತ್ತೆ. ದೇಶಕ್ಕೆಲ್ಲ ಒಂದೇ ಜನನ-ಮರಣ ನೋಂದಣಿ ಕಾಯ್ದೆ ಬಂದದ್ದೇ 1969ರಲ್ಲಿ. ಅದಕ್ಕೂ ಹಿಂದಿನ ಹಳ್ಳಿ ಹೆಂಗಸಿನ ದಿನ, ತಿಂಗಳು ಎಲ್ಲಾ ಪಕ್ಕಾ ಇದೆ ಅಂತ ಯಾರಾದರೂ ಹೇಳಿದರೆ ಮೊದಲು ಆ ಪುಟ ತೋರಿಸಿ ಅನ್ನಿ. ನಾಡಕಚೇರಿಯಲ್ಲಿ ಸಿಗುವ ವಂಶವೃಕ್ಷವೂ ಇದಕ್ಕೆ ಆಗಲ್ಲ. ಅದು ಆಸ್ತಿ, ವಾರಸುದಾರಿಕೆ ವಿಷಯಕ್ಕೆ.

ಕೊನೆಗೆ ತವರಿನ ಸುಳಿವು ಸಿಕ್ಕಿದ್ದು ಹೆಳವರಿಂದ. ಸುಗ್ಗಿ ಮುಗಿದ ಮೇಲೆ ಬಂದು ಮನೆತನದ ತಲೆಮಾರು ಹಾಡಿ ಜೋಳ ಇಸಕೊಂಡು ಹೋಗುತ್ತಾರಲ್ಲ, ಅವರೇ. ಅವರ ಹೊತ್ತಿಗೆಯಲ್ಲಿ ಗಂಡಸರ ಸಾಲೇ ಜಾಸ್ತಿ. ಆದರೂ ಯಾವ ಊರಿನ ಹೆಣ್ಣನ್ನು ತಂದರು ಅನ್ನುವ ಒಂದು ಸಾಲು ಇತ್ತು. ಹುಟ್ಟಿದ ದಿನ ಅಲ್ಲೂ ಇಲ್ಲ.

ಕಲ್ಲು ಈಗ ಹಿತ್ತಲಲ್ಲಿ ಬೋರಲು ಬಿದ್ದಿದೆ. ಅತ್ತೆ ಅದರ ಮೇಲೆ ಬಟ್ಟೆ ಒಗೆಯುತ್ತಾರೆ.