ಕ್ಯಾಡ್ಮಿಯಂ ಸಲ್ಫೈಡ್ ಪದರಕ್ಕೆ ನೀರೋ, ಡಿಎಂಎಸ್‌ಒನೋ?

ವಾಹಕ ಗಾಜಿನ ಮೇಲೆ ವಿದ್ಯುತ್ತಿನಿಂದ ಈ ಪದರ ಕೂರಿಸುವಾಗ ದ್ರಾವಕವಾಗಿ ನೀರನ್ನಾದರೂ ಬಳಸಬಹುದು, ಡಿಎಂಎಸ್‌ಒ (ಡೈಮೀಥೈಲ್ ಸಲ್ಫಾಕ್ಸೈಡ್) ಎಂಬ ಸಾವಯವ ದ್ರವವನ್ನಾದರೂ ಬಳಸಬಹುದು. ಖರ್ಚಷ್ಟೇ ನೋಡಿದರೆ ನೀರೇ ಅಗ್ಗ. ದೊಡ್ಡ ಗಾಜಿಗೆ ಅದೇ ಸರಿ.

ಪದರದ ಗುಣಮಟ್ಟಕ್ಕೆ ಬಂದರೆ ಲೆಕ್ಕ ಬೇರೆ. ಪದರಕ್ಕೆ ಬೇಕಾದ ಗಂಧಕ ನೀರಿನಲ್ಲಿ ಕರಗುವುದಿಲ್ಲ, ಅಲ್ವಾ? ಅದಕ್ಕೆ ಗಂಧಕ ಒದಗಿಸುವ ಲವಣ ಥಯೋಸಲ್ಫೇಟ್ ಹಾಕುತ್ತಾರೆ. ಆಮ್ಲ ಜಾಸ್ತಿಯಾದರೆ ಅದು ಒಡೆದು ದ್ರಾವಣ ಬೆಳ್ಳಗೆ ಕದಡುತ್ತದೆ, ಗಂಧಕದ ಕಣಗಳು ಪದರದಲ್ಲೂ ಸೇರಿಕೊಳ್ಳುತ್ತವೆ. ವೋಲ್ಟೇಜ್ ಏರಿಸಿದರೆ ಹೈಡ್ರೋಜನ್ ಗುಳ್ಳೆಗಳೆದ್ದು ಸಣ್ಣ ತೂತು ಬೀಳುತ್ತವೆ.

ಡಿಎಂಎಸ್‌ಒ ಕುದಿಯುವುದು 189 ಡಿಗ್ರಿ ಸೆಲ್ಸಿಯಸ್‌ಗೆ. ಹಾಗಾಗಿ 110ರ ಸುಮಾರಿಗೆ ಕಾಯಿಸಿ ಗಂಧಕವನ್ನೇ ನೇರವಾಗಿ ಕರಗಿಸಬಹುದು. ಸಣ್ಣ ಸ್ಯಾಂಪಲ್‌ನಲ್ಲಿ ಹರಳಿನ ಗುಣ ಅಳೆಯುವುದಿದ್ದರೆ ನಾನು ಇದನ್ನೇ ಹೇಳುತ್ತೇನೆ.

ಆದರೆ ಇದು ಗಾಳಿಯ ತೇವ ಹೀರುತ್ತದೆ. ಚರ್ಮದೊಳಗೂ ಸುಲಭವಾಗಿ ಇಳಿಯುತ್ತದೆ, ಜೊತೆಗಿರುವುದು ವಿಷಕಾರಿ ಕ್ಯಾಡ್ಮಿಯಂ. ಫ್ಯೂಮ್ ಹುಡ್ (ಹಾನಿಕರ ಆವಿಯನ್ನು ಹೊರಗೆಳೆಯುವ ಪೆಟ್ಟಿಗೆ), ಸರಿಯಾದ ಕೈಗವಸು ಇಲ್ಲದಿದ್ದರೆ ದಯವಿಟ್ಟು ಎರಡೂ ವಿಧಾನ ಬೇಡ.