ಕೈಭೂತಗನ್ನಡಿಯೋ, ವಿದ್ಯುನ್ಮಾನ ಭೂತಗನ್ನಡಿಯೋ?

ಕಣ್ಣಿನ ಪೊರೆಗೆ ಶಸ್ತ್ರಚಿಕಿತ್ಸೆಯಿದೆ. ಆದ್ದರಿಂದ ಪೊರೆಯಿಂದ ನೋಟ ಮಂಜಾದವರು ಭೂತಗನ್ನಡಿ ಕೊಳ್ಳುವ ಮೊದಲು ವೈದ್ಯರನ್ನು ಕಾಣುವುದೇ ಸರಿ. ಅಕ್ಷಿಪಟಲದ ನಡುಭಾಗವಾದ ಮ್ಯಾಕ್ಯುಲಾ ಸವೆದು, ಎದುರಿನವರ ಮುಖ ಮಸುಕಾಗಿ, ಅಂಚಿನ ನೋಟ ಮಾತ್ರ ಉಳಿದ ಹಿರಿಯರಿಗೆ ಕೈಭೂತಗನ್ನಡಿಯೋ ವಿದ್ಯುನ್ಮಾನದ್ದೋ ಎಂಬ ಆಯ್ಕೆ ನಿಜವಾಗಿ ಎದುರಾಗುತ್ತದೆ.

ಕೈಭೂತಗನ್ನಡಿ ಅಗ್ಗ, ಜೇಬಿನಲ್ಲಿ ಹಿಡಿಸುತ್ತದೆ. ಮಡಿಕೇರಿಯ ಸಂತೆಯಲ್ಲಿ ಬೆಲೆ ಓದಲು, ಮಾತ್ರೆಯ ಹೆಸರು ನೋಡಲು ಅಷ್ಟೇ ಸಾಕು. ಆದರೆ ಶಕ್ತಿ ಹೆಚ್ಚಿದಷ್ಟೂ ಕಾಣುವ ಜಾಗ ಕಿರಿದಾಗುತ್ತದೆ; 20 ಡಯಾಪ್ಟರಿನ (ಡಯಾಪ್ಟರ್ ಎಂದರೆ ಮಸೂರದ ಶಕ್ತಿಯ ಅಳತೆ) ಮಸೂರವನ್ನು ಅಕ್ಷರದಿಂದ ಸುಮಾರು 5 ಸೆಂಟಿಮೀಟರ್ ದೂರದಲ್ಲಿ ಅಲುಗದಂತೆ ಹಿಡಿಯಬೇಕಾದ್ದರಿಂದ, ಕೈ ನಡುಗುವವರಿಗೆ ಹಾಳೆಯ ಮೇಲೆ ಕೂರುವ, ದೀಪವಿರುವ ಸ್ಟ್ಯಾಂಡ್ ಭೂತಗನ್ನಡಿಯೇ ಮೇಲು.

ವಿದ್ಯುನ್ಮಾನ ಸಾಧನವು ಕ್ಯಾಮೆರಾ ಹಿಡಿದ ಅಕ್ಷರವನ್ನು ಪರದೆಯ ಮೇಲೆ ಬಹಳ ದೊಡ್ಡದಾಗಿ ತೋರಿಸುತ್ತದೆ. ಕಪ್ಪು ಹಿನ್ನೆಲೆಯಲ್ಲಿ ಬಿಳಿ ಅಕ್ಷರವಾಗಿಸುವ ಅದರ ಅನುಕೂಲ, ತೋಟದ ಲೆಕ್ಕದ ಪುಸ್ತಕವನ್ನು ಗಂಟೆಗಟ್ಟಲೆ ಓದುವವರಿಗೆ, ಬೆಲೆ ಹೆಚ್ಚಾದರೂ ಒಪ್ಪುವಂಥದ್ದು. ಕೊಡಗಿನ ಮಳೆಗಾಲದ ತಿಂಗಳಾದ ಕಕ್ಕಡದ ಮಳೆಯಲ್ಲಿ ಕರೆಂಟ್ ಹೋದಾಗ ಮಾತ್ರ ಬ್ಯಾಟರಿಯನ್ನೇ ನಂಬಬೇಕು. (ಹಗಲಿನಲ್ಲೂ ಮನೆಯೊಳಗೆ ಬೆಳಕು ಕಡಿಮೆಯಿರುವ ಆ ದಿನಗಳಲ್ಲಿ ದೀಪವಿಲ್ಲದ ಮಸೂರವೂ ಸೋಲುತ್ತದೆ.)

ಕಣ್ಣಿನ ನರ ಹಾಳಾಗುವ ಕಾಯಿಲೆಯಾದ ಗ್ಲಾಕೋಮಾದಿಂದ ಅಂಚಿನ ನೋಟ ಕುಗ್ಗಿದವರಿಗೆ ಅತಿ ದೊಡ್ಡ ಅಕ್ಷರ ಉಳಿದ ಕಿಂಡಿಯಲ್ಲಿ ಹಿಡಿಸದು. ಅವರಿಗೆ ಒಳ್ಳೆಯ ಬೆಳಕು, ಸ್ಪಷ್ಟ ಬಣ್ಣಭೇದವೇ ಹೆಚ್ಚು ಉಪಯುಕ್ತ. ದುಬಾರಿ ಸಾಧನಕ್ಕೆ ಕೈಹಾಕುವ ಮುನ್ನ ಮನೆಯಲ್ಲಿರುವ ಮೊಬೈಲಿನ ಕ್ಯಾಮೆರಾದಲ್ಲೇ ಅಕ್ಷರ ಹಿಗ್ಗಿಸಿ ಒಂದು ವಾರ ಓದಿ ನೋಡುವುದು ಜಾಣತನ.